ಎರಡು ತಿಂಗಳ ಲೆಕ್ಕ: ಸೊನ್ನೆ

ಜುಲೈ ತಿಂಗಳ ಒಂದು ಶುಕ್ರವಾರ. ಉದ್ಯಮಬಾಗದಲ್ಲಿ ಕೆಲಸ ಮುಗಿಸಿ ಖಾನಾಪುರದ ಬಸ್ ಹತ್ತಿ ಕಿಟಕಿ ಪಕ್ಕ ಕೂತಿದ್ದೆ. ಪೀರನವಾಡಿ ದಾಟುವಷ್ಟರಲ್ಲಿ ಅವ್ವನ ಫೋನ್.

“ತಮ್ಮ ಬಂದಾನವಾ. ಎರಡು ದೊಡ್ಡ ಬ್ಯಾಗ್ ತಂದಾನ. ಹೊಳ್ಳಿ ಹೋಗೂದಿಲ್ಲ ಅನ್ನಾಕತ್ತಾನ. ನೀ ಲಗೂನ ಬಾ.”

ನನ್ನ ತಮ್ಮ ಐದು ವರ್ಷದಿಂದ ಪಿಎಚ್‌ಡಿ ಮಾಡುತ್ತಿದ್ದಾನೆ. ವಿಷಯ ನ್ಯೂಕ್ಲಿಯರ್ ಫಿಸಿಕ್ಸ್, ಅದರಲ್ಲೂ ಪ್ರಯೋಗದ ಕಡೆಯದು. ಹಾಗಂದರೇನು ಅಂತ ಖಾನಾಪುರದ ನಮ್ಮ ಓಣಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. “ಕೈಗಾದಾಗ ನೌಕರಿ ಸಿಗ್ತೈತೇನು?” ಅಂತ ಪಕ್ಕದ ಮನೆ ಮೌಶಿ ಕೇಳುತ್ತಾರೆ. “ಬಾಂಬ್ ಗಿಂಬ್ ಮಾಡಾಕತ್ತೀಯೇನೋ?” ಅಂತ ಕಾಕಾ ನಗುತ್ತಾರೆ. ಅವನೂ ನಗುತ್ತಾನೆ. ಮೊದಲೆರಡು ವರ್ಷ ಉತ್ತರ ಕೊಡುತ್ತಿದ್ದ. ಆಮೇಲೆ ಬರೀ ನಗು.

ನಾನು ಇಲ್ಲಿ ಸುಳ್ಳು ಬರೆಯುವುದಿಲ್ಲ. ಅವ್ವನ ಫೋನ್ ಬಂದಾಗ ನನಗೆ ದುಃಖ ಆಗಲಿಲ್ಲ, ಹಗುರ ಅನಿಸಿತು. ಅವನ ಜತೆ ಓದಿದವರು ಬೆಂಗಳೂರಿನಲ್ಲಿ ಫ್ಲ್ಯಾಟ್ ಬುಕ್ ಮಾಡುತ್ತಿದ್ದಾರೆ. ಇವನಿಗೆ ಬರುವುದು ಫೆಲೋಶಿಪ್. ಹಿರಿಯ ಸಂಶೋಧನಾ ವಿದ್ಯಾರ್ಥಿಗೆ 2023ರಿಂದ ತಿಂಗಳಿಗೆ 42 ಸಾವಿರ ರೂಪಾಯಿ ಇದೆ. ಮೊದಲ ಎರಡು ವರ್ಷ, ಮುಂದಿನ ಮೂರು ವರ್ಷ ಅಂತ ಒಟ್ಟು ಐದು ವರ್ಷ ಸಿಗುತ್ತದೆ. ಆ ಐದು ಮುಗಿಯುತ್ತ ಬಂದಿತ್ತು. ಬಸ್ಸು ದೇಸೂರು ದಾಟುವ ಮೊದಲೇ ಬೆಂಗಳೂರಿನಲ್ಲಿ ಎಚ್‌ಆರ್ ಆಗಿರುವ ಗೆಳತಿಗೆ ಮೆಸೇಜ್ ಹಾಕಿದೆ: “ತಮ್ಮನಿಗೆ ಡೇಟಾ ಕೆಲಸ ಏನಾದರೂ ಇದೆಯಾ? ಲೆಕ್ಕದಲ್ಲಿ ಹುಷಾರಿದ್ದಾನೆ.”

ಅವನನ್ನು ಒಂದು ಮಾತೂ ಕೇಳದೆ.

“ಏನೂ ಬರಲಿಲ್ಲ ಅಕ್ಕಾ”

ಮನೆ ಮುಟ್ಟಿದಾಗ ಅವನು ಪಡಸಾಲೆಯಲ್ಲಿ ಕೂತು ಚುರುಮುರಿ ತಿನ್ನುತ್ತಿದ್ದ. ಹೆಂಚಿನ ಮೇಲೆ ಮಳೆ ಎಷ್ಟು ಜೋರಿತ್ತೆಂದರೆ ಮಾತು ಕೂಗಿ ಆಡಬೇಕಿತ್ತು.

“ಏನಾತೋ?”

“ಏನೂ ಆಗಿಲ್ಲ ಅಕ್ಕಾ. ಅದ ಸಮಸ್ಯೆ. ಏನೂ ಬರಲಿಲ್ಲ.”

ಊಟ ಆದ ಮೇಲೆ ತುಸು ಬಿಡಿಸಿ ಹೇಳಿದ. ನನಗೆ ಅರ್ಥವಾದಷ್ಟು ನಿಮಗೂ ಹೇಳುತ್ತೇನೆ.

ಇವರ ಕೆಲಸಕ್ಕೆ ವೇಗವರ್ಧಕ ಅಂದರೆ ಆಕ್ಸಿಲರೇಟರ್ ಬೇಕು. ಅದರಲ್ಲಿ ಅಯಾನುಗಳನ್ನು ಓಡಿಸಿ ತಂದು ಕೂದಲಿಗಿಂತ ತೆಳು ಹಾಳೆಯ ಮೇಲೆ ಬಡಿಯುತ್ತಾರೆ. ಬಡಿತಕ್ಕೆ ಸಿಕ್ಕ ನ್ಯೂಕ್ಲಿಯಸ್ಸು ಉದ್ರೇಕಗೊಂಡು, ಮತ್ತೆ ತಣ್ಣಗಾಗುವಾಗ ಗಾಮಾ ಕಿರಣ ಬಿಡುತ್ತದೆ. ಪ್ರತಿ ನ್ಯೂಕ್ಲಿಯಸ್ಸಿಗೂ ಅದರದ್ದೇ ಆದ ಗಾಮಾ ಗೆರೆಗಳಿವೆ, ಹೆಬ್ಬೆರಳ ಗುರುತಿನ ಹಾಗೆ. ದ್ರವ ಸಾರಜನಕದಲ್ಲಿ ತಣ್ಣಗಿಟ್ಟ ಜರ್ಮೇನಿಯಂ ಡಿಟೆಕ್ಟರುಗಳು ಆ ಗೆರೆಗಳನ್ನು ಹಿಡಿಯುತ್ತವೆ. ನನ್ನ ತಮ್ಮ ಹುಡುಕುತ್ತಿದ್ದದ್ದು ಒಂದು ಬಹಳ ಕ್ಷೀಣ ಗೆರೆ. ಅದು ಇರಬೇಕು ಅಂತ ಒಂದು ಲೆಕ್ಕ ಹೇಳುತ್ತದೆ, ಇನ್ನೊಂದು ಲೆಕ್ಕ ಇರಲಿಕ್ಕಿಲ್ಲ ಅನ್ನುತ್ತದೆ. ನೋಡಿ ಹೇಳುವುದು ಪ್ರಯೋಗದವರ ಪಾಲು.

ಆ ಯಂತ್ರ ಬೇಕೆಂದಾಗ ಸಿಗುವುದಿಲ್ಲ. ಅರ್ಜಿ ಬರೆದು, ಸಮಿತಿ ಮುಂದೆ ಹೇಳಿ, ಸರದಿ ಕಾದು ಕೆಲವೇ ದಿನಗಳ ‘ಬೀಮ್ ಟೈಮ್’ ಪಡೆಯಬೇಕು. ಸಿಕ್ಕ ದಿನಗಳಲ್ಲಿ ಹಗಲು ರಾತ್ರಿ ಪಾಳಿ. ಮೊದಲ ಸಲ ಎಲ್ಲೋ ವ್ಯಾಕ್ಯೂಮ್ ಸೋರಿಕೆಯಾಗಿ ಅರ್ಧ ದಿನಗಳು ಹೋದವು. ಮತ್ತೊಂದು ಸಲಕ್ಕೆ ಒಂದು ವರ್ಷ ಕಾದ. ಆ ಸಲ ಎಲ್ಲ ಸುಸೂತ್ರ. ಎರಡು ವರ್ಷ ಕೂತು ಡೇಟಾ ಬಿಡಿಸಿದ. ಗೆರೆ ಇರಬೇಕಾದ ಜಾಗದಲ್ಲಿ ಏನೂ ಇಲ್ಲ. ಸಪಾಟು.

“ಗೈಡ್ ಏನಂದ್ರು?”

“ಬರದು ಥೀಸಿಸ್ ಮುಗಸು ಅಂದ್ರು. ಆದ್ರ ಏನ್ ಬರೀಲಿ? ಐದು ವರ್ಷ ಹುಡುಕಿದೆ, ಸಿಗಲಿಲ್ಲ ಅಂತನಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಇದ್ದದ್ದು ಗೆಳತಿಯ ರಿಪ್ಲೈ ಮಾತ್ರ: “ರೆಸ್ಯೂಮೆ ಕಳಿಸು.”

ಮಳೆಗೂ ಎಣಿಕೆ ಇದೆ

ಶನಿವಾರ ಬೆಳಿಗ್ಗೆ ಅವನ ಬ್ಯಾಗಿನಿಂದ ಒಂದು ಸ್ವೀಟ್ ಬಾಕ್ಸ್ ಹೊರಬಂತು. ಕುಂದಾ ತಂದಾನೇನೋ ಅಂತ ಅವ್ವ ಮುಚ್ಚಳ ತೆಗೆದರೆ ಒಳಗೆ ಎರಡು ಲೋಹದ ನಳಿಗೆ, ಒಂದಿಷ್ಟು ವೈರು, ಎರಡು ಬೋರ್ಡು. ಹಾಸ್ಟೆಲಿನಲ್ಲಿ ಬಿಡುವಿನಲ್ಲಿ ಜೋಡಿಸಿದ ಗೈಗರ್ ಕೌಂಟರ್. ಒಂದೊಂದು ನಳಿಗೆ ಪೆನ್ನಿನಷ್ಟು ಉದ್ದ. ಅದರೊಳಗೆ ವಿಕಿರಣದ ಕಣವೊಂದು ಹಾದರೆ ‘ಟಿಕ್’ ಅನ್ನುತ್ತದೆ.

ಅಡುಗೆಮನೆ ಕಟ್ಟೆಯ ಮೇಲಿಟ್ಟ. ಟಿಕ್, ಟಿಕ್ಟಿಕ್, ಟಿಕ್. ನಿಮಿಷಕ್ಕೆ ಸರಾಸರಿ 21.

“ಅಯ್ಯ, ನಮ್ಮ ಮನ್ಯಾಗ ರೇಡಿಯೇಷನ್ ಐತೇನೋ!” ಅವ್ವ ಹೆದರಿದರು.

“ಎಲ್ಲಾರ ಮನ್ಯಾಗೂ ಐತಿ ಅವ್ವ. ಇಟ್ಟಂಗಿ, ಹೆಂಚು, ಮಣ್ಣು ಎಲ್ಲಾದ್ರಾಗೂ ಚೂರುಪಾರು ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಇರ್ತಾವು. ಬಾಳೆಹಣ್ಣಿನಾಗೂ ಐತಿ. ಇದಕ್ಕೆಲ್ಲಾ ಅಂಜೂದಲ್ಲ.”

ಖಾನಾಪುರದ ಮಣ್ಣು ಹೆಂಚಿಗೂ ಗಡಿಗೆಗೂ ಹೆಸರಾದದ್ದು. ಅಪ್ಪ ಮೂವತ್ತು ವರ್ಷ ಹೆಂಚಿನ ಭಟ್ಟಿಯಲ್ಲಿ ದುಡಿದವರು. ತಾವು ಸುಟ್ಟ ಹೆಂಚೂ ಟಿಕ್ ಅನ್ನುತ್ತದೆ ಅಂತ ಕೇಳಿ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

ಮಧ್ಯಾಹ್ನದವರೆಗೆ ಮಳೆ ಬಿಡುವು ಕೊಟ್ಟಿತ್ತು. ಎರಡು ಗಂಟೆಗೆ ಒಮ್ಮೆಲೇ ಸುರಿಯಿತು. ಹತ್ತು ನಿಮಿಷದ ಸರಾಸರಿ ತೆಗೆದರೆ 21 ಇದ್ದದ್ದು 25ಕ್ಕೆ ಏರಿತ್ತು. ಯಂತ್ರ ಕೆಟ್ಟಿತು ಅಂದುಕೊಂಡೆ. ಇಲ್ಲವಂತೆ. ನೆಲದಿಂದ ರೇಡಾನ್ ಅನ್ನೋ ಅನಿಲ ಮೇಲೇಳುತ್ತಲೇ ಇರುತ್ತದೆ. ಅದು ಗಾಳಿಯಲ್ಲಿ ಸೀಸ, ಬಿಸ್ಮತ್‌ಗಳ ವಿಕಿರಣಶೀಲ ರೂಪಗಳಾಗಿ ಒಡೆಯುತ್ತದೆ, ಮಳೆ ಅವನ್ನು ತೊಳೆದು ಕೆಳಗೆ ತರುತ್ತದೆ. ಅವುಗಳ ಅರ್ಧಾಯುಷ್ಯ ಅರ್ಧ ಗಂಟೆಯೊಳಗೆ. ಹಾಗಾಗಿ ಮಳೆ ನಿಂತ ಒಂದೆರಡು ತಾಸಿನಲ್ಲಿ ಎಣಿಕೆ ಮತ್ತೆ ಇಳಿಯುತ್ತದೆ. ಸಂಜೆ ಇಳಿಯಿತು ಕೂಡ. ಇಷ್ಟು ವರ್ಷ ಖಾನಾಪುರದ ಮಳೆ ನೋಡಿದ್ದೇನೆ, ಅದನ್ನು ಹೀಗೆ ಎಣಿಸಬಹುದು ಅಂತ ಗೊತ್ತಿರಲಿಲ್ಲ.

“ಇದೆಲ್ಲಾ ಗದ್ದಲ ಅಕ್ಕಾ,” ಅಂದ. “ನಿಜವಾಗಿ ಕೇಳಬೇಕಾದ್ದು ಬ್ಯಾರೆ ಇರ್ತೈತಿ. ಈಗ ನೋಡು.”

ಎರಡೂ ನಳಿಗೆಗಳನ್ನು ಒಂದರ ಮೇಲೊಂದು, ನಡುವೆ ನಾಲ್ಕು ಬೆರಳು ಬಿಟ್ಟು ಕಟ್ಟಿದ. ಎರಡೂ ಒಂದೇ ಗಳಿಗೆಗೆ ಟಿಕ್ ಅಂದರೆ ಮಾತ್ರ ಲೆಕ್ಕಕ್ಕೆ ಹಿಡಿಯುವ ಹಾಗೆ ಬೋರ್ಡಿಗೆ ಹೇಳಿದ. ಗೋಡೆಯಿಂದ ಬರುವ ಕಿರಣ ಸಾಮಾನ್ಯವಾಗಿ ಒಂದು ನಳಿಗೆಯನ್ನಷ್ಟೇ ತಟ್ಟುತ್ತದೆ. ಎರಡನ್ನೂ ತೂರಿಕೊಂಡು ಹೋಗಬಲ್ಲದ್ದು ಗಟ್ಟಿ ಗಿರಾಕಿ, ಮ್ಯುವಾನ್. ಆಕಾಶದಾಚೆಯಿಂದ ವಿಶ್ವಕಿರಣ ಬಂದು ವಾತಾವರಣದ ಮೇಲ್ಪದರಕ್ಕೆ ಬಡಿದಾಗ ಹುಟ್ಟುವ ಕಣ ಅದು. ನೀವು ಈಗ ಫೋನ್ ಹಿಡಿದಿರುವ ಅಂಗೈಯನ್ನು ಹೆಚ್ಚುಕಡಿಮೆ ಸೆಕೆಂಡಿಗೊಂದು ಮ್ಯುವಾನ್ ದಾಟಿ ಹೋಗುತ್ತಿದೆ.

ನಿಮಿಷಕ್ಕೆ 21 ಟಿಕ್ ಅನ್ನುತ್ತಿದ್ದದ್ದು ಈಗ ಅರ್ಧ ಗಂಟೆಗೆ 34. ಆಮೇಲೆ ಅದೇ ಜೋಡಿಯನ್ನು ಅಡ್ಡ ಮಲಗಿಸಿ, ಕಿಟಕಿಯಿಂದ ಕಿಟಕಿಗೆ ನೋಡುವಂತೆ ಇಟ್ಟ. ಅರ್ಧ ಗಂಟೆಗೆ 9. ಮೇಲಿನಿಂದ ಹೆಚ್ಚು, ಅಡ್ಡದಿಂದ ಕಡಿಮೆ. ಅಡ್ಡ ಬರುವ ಕಣ ಬಹಳ ದೂರದ ಗಾಳಿ ಸೀಳಿ ಬರಬೇಕಲ್ಲ, ದಾರಿಯಲ್ಲೇ ಬಹಳಷ್ಟು ಸಾಯುತ್ತವೆ.

ಅಪ್ಪ ತಲೆಯಾಡಿಸಿದರು. “ಮಳಿ ಹೆಂಗ ಮ್ಯಾಲಿಂದ ಬೀಳತೈತಿ, ಹಂಗ.”

ಕೋಲಾರದ ಕೆಳಗೆ

ರಾತ್ರಿ ಕರೆಂಟ್ ಹೋಯಿತು. ಮೇಣದಬತ್ತಿ ಹಚ್ಚಿ ಕೂತಾಗ ನಾನೇ ಕೇಳಿದೆ: ಇಂಥ ಕೆಲಸ ನಮ್ಮ ಕಡೆ ಯಾರಾದರೂ ಮಾಡಿದ್ದಾರಾ, ಎಲ್ಲ ಸ್ವಿಟ್ಜರ್‌ಲ್ಯಾಂಡು, ಜಪಾನೇನಾ?

“ಕೆಜಿಎಫ್ ಗೊತ್ತಲ್ಲ?”

ಗೊತ್ತಿಲ್ಲದೆ ಏನು, ಯಶ್ ಸಿನಿಮಾ ಥಿಯೇಟರಿನಲ್ಲಿ ಎರಡು ಸಲ ನೋಡಿದ್ದೇನೆ. ಆದರೆ ಅವನು ಹೇಳಿದ ಕೆಜಿಎಫ್ ಬೇರೆ. ನಾನು ಆಮೇಲೆ ಕೂತು ಓದಿಕೊಂಡೆ. ಕನ್ನಡ ನಾಡಿನ ನೆಲದಡಿ ನಡೆದ ಈ ಕಥೆ ನಮ್ಮ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ.

ಹೋಮಿ ಭಾಭಾ ವಿಶ್ವಕಿರಣದ ಸಂಶೋಧನೆಗೆ ನೆಲೆ ಕಟ್ಟಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಮುಂಬೈಯದು ಅಂತ ನಾವು ಅಂದುಕೊಂಡಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್, 1945ರಲ್ಲಿ ಶುರುವಾದದ್ದೂ ಬೆಂಗಳೂರಿನಲ್ಲೇ. ಅದೇ ವರ್ಷ ಮುಂಬೈಗೆ ಹೋಯಿತು. ಅಲ್ಲಿಗೆ 1948ರಲ್ಲಿ ಸೇರಿದ ಒಬ್ಬ ಹುಡುಗ ನಂಜನಗೂಡಿನವರು, ಬಿ.ವಿ. ಶ್ರೀಕಂಠನ್. 1950ರ ದಶಕದ ಆರಂಭದಲ್ಲಿ ಅವರು ತಮ್ಮ ಡಿಟೆಕ್ಟರುಗಳನ್ನು ಹೊತ್ತು ಕೋಲಾರದ ಚಿನ್ನದ ಗಣಿಗೆ ಇಳಿದರು. ಮುಂದೆ ಅದೇ ಟಿಐಎಫ್‌ಆರ್‌ಗೆ 1975ರಿಂದ 1987ರವರೆಗೆ ನಿರ್ದೇಶಕರೂ ಆದರು.

ಗಣಿಗೇ ಏಕೆ? ತಲೆಯ ಮೇಲಿನ ಬಂಡೆಯೇ ಜರಡಿ. ಕೆಳಗೆ ಹೋದಷ್ಟೂ ಮ್ಯುವಾನ್‌ಗಳು ಬಂಡೆಯಲ್ಲೇ ನಿಂತುಬಿಡುತ್ತವೆ. ಎಷ್ಟು ಆಳಕ್ಕೆ ಎಷ್ಟು ಉಳಿಯುತ್ತವೆ ಅಂತ ಮೆಟ್ಟಿಲು ಮೆಟ್ಟಿಲಾಗಿ ಅಳೆಯುತ್ತ ಹೋದರು. ನೂರಾರು ಮೀಟರಿನಲ್ಲಿ ಇಷ್ಟು, ಸಾವಿರದಲ್ಲಿ ಇಷ್ಟು. ಪ್ರತಿ ಮಟ್ಟದಲ್ಲೂ ಎಣಿಕೆ ಇಳಿಯುತ್ತ ಬಂತು. 1960ರ ದಶಕದ ಆರಂಭಕ್ಕೆ ಸುಮಾರು 2.7 ಕಿಲೋಮೀಟರ್ ಆಳಕ್ಕೆ ಮುಟ್ಟಿದ್ದರು. ಅಂಥ ಆಳದಲ್ಲಿ ಬಂಡೆಯೇ ಕಾದಿರುತ್ತದೆ, ಹತ್ತಿಪ್ಪತ್ತು ನಿಮಿಷ ನಿಂತರೆ ಬೆವರು ಸುರಿಯುತ್ತದೆ. ಅಲ್ಲಿ ಡಿಟೆಕ್ಟರ್ ಇಟ್ಟು ಸುಮಾರು ಎರಡು ತಿಂಗಳು ಕಾದರು.

ಎಣಿಕೆ: ಸೊನ್ನೆ.

ಇಲ್ಲಿ ಅವ್ವ ತಡೆದರು. “ಎರಡು ತಿಂಗಳು ಏನೂ ಬರಲಿಲ್ಲ ಅಂದ್ರ ಪಗಾರ ಕೊಟ್ರೇನು ಅವರಿಗೆ?”

ತಮ್ಮ ಜೋರಾಗಿ ನಕ್ಕ. ಅವನು ಬಂದ ಮೇಲೆ ನಾನು ಕೇಳಿದ ಮೊದಲ ನಗು ಅದು.

ಪಗಾರ ಕೊಟ್ಟರು. ಅಷ್ಟೇ ಅಲ್ಲ, ಆ ಸೊನ್ನೆಯನ್ನು ನೋಡಿಯೇ ಮುಂದಿನ ಕೆಲಸ ಹೊಳೆದದ್ದು. ಮ್ಯುವಾನ್‌ನ ಗದ್ದಲ ಇಷ್ಟು ಅಡಗುವ ಜಾಗ ಸಿಕ್ಕರೆ ನ್ಯೂಟ್ರಿನೊದ ಪಿಸುಮಾತು ಕೇಳಬಹುದು ಅಂತ. ನ್ಯೂಟ್ರಿನೊ ಅಂದರೆ ಯಾರ ಗೊಡವೆಗೂ ಹೋಗದ ಕಣ. ಇಡೀ ಭೂಮಿಯನ್ನೇ ಏನೂ ಇಲ್ಲವೆಂಬಂತೆ ದಾಟುತ್ತದೆ. ಪೌಲಿ ಅನ್ನುವ ವಿಜ್ಞಾನಿ 1930ರಲ್ಲಿ ಅದು ಇರಬೇಕು ಅಂದಿದ್ದರು. ಕೈಗೆ ಸಿಕ್ಕಿದ್ದು 1956ರಲ್ಲಿ, ಅದೂ ಅಮೆರಿಕದ ರಿಯಾಕ್ಟರ್ ಒಂದರ ಪಕ್ಕ. ಆಕಾಶದಿಂದ ಸಹಜವಾಗಿ ಬರುವ ನ್ಯೂಟ್ರಿನೊವನ್ನು ಮಾತ್ರ ಯಾರೂ ಹಿಡಿದಿರಲಿಲ್ಲ.

ಟಿಐಎಫ್‌ಆರ್ ಜತೆ ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯ ಕೈಜೋಡಿಸಿದವು. ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಡಿಟೆಕ್ಟರುಗಳನ್ನು ಎರಡು ಗೋಡೆಗಳಂತೆ ಎದುರುಬದುರು ನಿಲ್ಲಿಸಿದರು. ಈಗ ತಮ್ಮನ ಸ್ವೀಟ್ ಬಾಕ್ಸ್ ನೆನಪಿಸಿಕೊಳ್ಳಿ. ಅಷ್ಟು ಆಳಕ್ಕೆ ಮೇಲಿನಿಂದ ಬರುವ ಮ್ಯುವಾನ್ ಕೋಟಿಗೊಂದೂ ಉಳಿಯದು. ಉಳಿದ ಒಂದೆರಡೂ ನೇರ ಮೇಲಿನಿಂದಲೇ ಬರಬೇಕು, ಯಾಕೆಂದರೆ ಓರೆಯಾಗಿ ಬಂದಷ್ಟೂ ಬಂಡೆಯ ದಾರಿ ಉದ್ದ. ಅಂದಮೇಲೆ ಎರಡೂ ಗೋಡೆಗಳನ್ನು ಅಡ್ಡಕ್ಕೆ ತೂರಿ ಒಂದು ಮ್ಯುವಾನ್ ಹೋಯಿತು ಅಂದರೆ? ಅದು ಮೇಲಿನಿಂದ ಬಂದದ್ದಲ್ಲ. ಅಲ್ಲೇ ಪಕ್ಕದ ಬಂಡೆಯೊಳಗೆ, ಒಂದು ನ್ಯೂಟ್ರಿನೊ ಬಡಿದು ಹುಟ್ಟಿದ್ದು.

1965ರಲ್ಲಿ ಅಂಥ ಗೆರೆಗಳು ಬಂದವು. ಬೆರಳೆಣಿಕೆಯಷ್ಟು, ತಿಂಗಳುಗಟ್ಟಲೆ ಕಾದಿದ್ದಕ್ಕೆ. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ಅವರ ತಂಡಕ್ಕೂ ಸಿಕ್ಕಿತು. ಅವರ ಮೊದಲ ಗೆರೆ ಕೆಲವು ವಾರ ಮುಂಚಿನದು. ಕೋಲಾರದವರ ಪ್ರಬಂಧ ಅಚ್ಚಾದದ್ದು ಎರಡು ವಾರ ಮುಂಚೆ, 1965ರ ಆಗಸ್ಟ್ 15ರಂದು. ವಾತಾವರಣದ ನ್ಯೂಟ್ರಿನೊ ಕಂಡ ಜಗತ್ತಿನ ಮೊದಲ ಎರಡು ಜಾಗಗಳಲ್ಲಿ ಒಂದು ನಮ್ಮ ಕೋಲಾರ.

“ಆಮ್ಯಾಲ?” ಅಪ್ಪ ಕೇಳಿದರು.

ಆಮೇಲಿನದು ಮತ್ತೆ ಸೊನ್ನೆಯ ಕಥೆ. 1980ರ ಕೊನೆಗೆ ಅದೇ ಗಣಿಯಲ್ಲಿ ಸುಮಾರು 140 ಟನ್ ತೂಕದ, 34 ಪದರಗಳ ಡಿಟೆಕ್ಟರ್ ಕಟ್ಟಿದರು. ಪ್ರೋಟಾನ್ ತಾನಾಗಿ ಒಡೆಯುತ್ತದೆಯೇ ಅಂತ ನೋಡಲು. ನಾವು ನೀವು, ಈ ಹೆಂಚು, ಮಲಪ್ರಭೆಯ ನೀರು ಎಲ್ಲದರೊಳಗೂ ಪ್ರೋಟಾನ್ ಇದೆ. ಅದಕ್ಕೆ ಸಾವುಂಟೇ ಅನ್ನುವ ಪ್ರಶ್ನೆಗೆ ಅಂತಲೇ ಕಟ್ಟಿದ ಮೊದಲ ದೊಡ್ಡ ಡಿಟೆಕ್ಟರ್ ಅದು. ಒಂದಷ್ಟು ಗೆರೆಗಳು ಹಾಗೆ ಕಂಡವು. ಆದರೆ ಅಮೆರಿಕ, ಜಪಾನುಗಳ ಇನ್ನೂ ದೊಡ್ಡ ಡಿಟೆಕ್ಟರುಗಳು ಅದನ್ನು ಒಪ್ಪಲಿಲ್ಲ. ಇಂದಿಗೂ ಒಂದು ಪ್ರೋಟಾನ್ ಒಡೆದದ್ದನ್ನು ಯಾರೂ ಕಂಡಿಲ್ಲ. ಜಪಾನಿನ ಲೆಕ್ಕದ ಪ್ರಕಾರ, ಕೆಲವು ಬಗೆಯಲ್ಲಿ ಅದು ಒಡೆಯುವುದೇ ಆದರೆ ಸರಾಸರಿ ಆಯಸ್ಸು 1ರ ಮುಂದೆ 34 ಸೊನ್ನೆ ಇಟ್ಟಷ್ಟು ವರ್ಷಕ್ಕಿಂತ ಹೆಚ್ಚು. ವಿಶ್ವದ ವಯಸ್ಸೇ ಸುಮಾರು 1,380 ಕೋಟಿ ವರ್ಷ.

ಜಪಾನಿನ ಕಾಮಿಯೋಕಾಂಡೆ ಕೂಡ ಪ್ರೋಟಾನ್ ಒಡೆಯುವುದನ್ನು ನೋಡಲೆಂದೇ ಕಟ್ಟಿದ್ದು. ಅದು ಸಿಗಲಿಲ್ಲ. ಆದರೆ 1987ರ ಫೆಬ್ರುವರಿಯಲ್ಲಿ ಸಿಡಿದ ನಕ್ಷತ್ರವೊಂದರ ನ್ಯೂಟ್ರಿನೊಗಳು ಅದಕ್ಕೆ ಸಿಕ್ಕವು, 2002ರಲ್ಲಿ ಕೊಶಿಬಾ ಅವರಿಗೆ ನೊಬೆಲ್ ಬಂತು. ಅದರ ದೊಡ್ಡ ತಮ್ಮ ಸೂಪರ್ ಕಾಮಿಯೋಕಾಂಡೆ, 1965ರಲ್ಲಿ ಕೋಲಾರದಲ್ಲಿ ಕಂಡಿದ್ದ ಅದೇ ವಾತಾವರಣದ ನ್ಯೂಟ್ರಿನೊಗಳನ್ನು ಸಾವಿರಗಟ್ಟಲೆ ಎಣಿಸಿ, ಅವು ದಾರಿಯಲ್ಲಿ ರೂಪ ಬದಲಿಸುತ್ತವೆ ಅಂತ 1998ರಲ್ಲಿ ತೋರಿಸಿತು. ಅದಕ್ಕೆ 2015ರ ನೊಬೆಲ್.

ಕೋಲಾರದ ಪ್ರಯೋಗಗಳು 1990ರ ದಶಕದ ಆರಂಭದಲ್ಲಿ ನಿಂತವು. ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಈಗ ಆ ಆಳದಲ್ಲಿ ನೀರು.

ಭಾನುವಾರದ ಸೊನ್ನೆ

ಕರೆಂಟ್ ಬಂದ ಮೇಲೆ, ಮಲಗುವ ಮುಂಚೆ ನಾನೇ ಹುರುಪಿನಿಂದ ಹೇಳಿದೆ: “ರಾತ್ರಿಯಿಡೀ ಅಡ್ಡ ಮಲಗಿಸಿ ಇಡೋಣ. ಎಷ್ಟು ಬರ್ತಾವ ನೋಡೋಣ.” ಎಣಿಸುವ ಬೋರ್ಡು ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ನಳಿಗೆಗಳಿಗೆ ಹೈ ವೋಲ್ಟೇಜ್ ಕೊಡುವ ಬೋರ್ಡಿಗೆ ಚಾರ್ಜರ್ ಸಾಲಲಿಲ್ಲ. ನನ್ನ ಹೊಸ ಪವರ್ ಬ್ಯಾಂಕ್ ಕೊಟ್ಟೆ.

ಬೆಳಿಗ್ಗೆ ಆರಕ್ಕೆ ಎದ್ದು ನೋಡಿದರೆ ಸ್ಕ್ರೀನ್ ತುಂಬ ಸೊನ್ನೆ. ಸಾಲು ಸಾಲು ಸೊನ್ನೆ.

“ಏ ತಮ್ಮಾ! ಸೊನ್ನಿ ಬಂದೈತಿ! ಕೋಲಾರದ ಹಂಗ!”

ಅವನು ಕಣ್ಣುಜ್ಜಿಕೊಂಡು ಬಂದ. ಖುಷಿಪಡಲಿಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ. ಎರಡೂ ಒಟ್ಟಿಗೆ ಟಿಕ್ ಅಂದ ಲೆಕ್ಕದ ಪಕ್ಕದಲ್ಲೇ ಒಂದೊಂದೇ ನಳಿಗೆಯ ಲೆಕ್ಕವನ್ನೂ ಬರೆಯುವ ಹಾಗೆ ಅವನು ಮೊದಲೇ ಹೇಳಿಟ್ಟಿದ್ದ. ಆ ಕಾಲಮ್ಮಿಗೆ ಹೋದ. ಹತ್ತೂವರೆಯವರೆಗೆ ನಿಮಿಷಕ್ಕೆ 20, 22, 19. ಹತ್ತೂವರೆಯ ನಂತರ ಅಲ್ಲೂ ಸೊನ್ನೆ.

“ಒಂದ್ ನಳಿಗಿ ಸೊನ್ನಿ ಆಗಾಕ ಸಾಧ್ಯನ ಇಲ್ಲ ಅಕ್ಕಾ. ಗ್ವಾಡಿ ಇಲ್ಲೇ ಐತಿ, ಹೆಂಚು ಇಲ್ಲೇ ಐತಿ. ಅಂದ್ರ ನಳಿಗಿ ಸತ್ತಾವ.”

ಎರಡು ನಿಮಿಷದಲ್ಲಿ ಕಳ್ಳ ಸಿಕ್ಕ. ನನ್ನ ಪವರ್ ಬ್ಯಾಂಕ್. ಬಹಳ ಕಡಿಮೆ ಕರೆಂಟ್ ಎಳೆದರೆ, ಫೋನ್ ಚಾರ್ಜ್ ಆಯಿತು ಅಂದುಕೊಂಡು ಅದು ತಾನೇ ಆಫ್ ಆಗುತ್ತದೆ. ಹತ್ತೂವರೆಯಿಂದ ನಾವು ಮನೆಯನ್ನಲ್ಲ, ಸತ್ತ ಯಂತ್ರವನ್ನು ಎಣಿಸುತ್ತಿದ್ದೆವು.

ನಾನು ಅಲ್ಲೇ ನಿಂತುಬಿಟ್ಟೆ. ನನ್ನ ಕೆಲಸ ಕ್ವಾಲಿಟಿ ವಿಭಾಗದಲ್ಲಿ. ಮಷಿನಿಂಗ್ ಆಗಿ ಬಂದ ಭಾಗಗಳನ್ನು ಗೇಜ್ ಹಾಕಿ ಅಳೆದು ಪಾಸ್ ಅಥವಾ ರಿಜೆಕ್ಟ್ ಅನ್ನುವುದು. ಒಂದು ಬ್ಯಾಚಿನಲ್ಲಿ ರಿಜೆಕ್ಟ್ ಸೊನ್ನೆ ಅಂದರೆ ನಮ್ಮಲ್ಲಿ ಚಪ್ಪಾಳೆ. ಆದರೆ ಕೆಲಸಕ್ಕೆ ಸೇರಿದ ಮೊದಲ ವಾರವೇ ನಮಗೆ ಕಲಿಸುವುದು ಇದು: ರಿಜೆಕ್ಟ್ ಸೊನ್ನೆ ಬಂದರೆ ಮೊದಲು ಗೇಜ್ ನೋಡು. ಮಾಸ್ಟರ್ ಪೀಸ್ ಹಾಕಿ ಗೇಜ್ ಸರಿಯಾಗಿ ಓದುತ್ತದಾ ಪರೀಕ್ಷಿಸು. ಸವೆದ ಗೇಜ್ ಎಲ್ಲವನ್ನೂ ಪಾಸ್ ಮಾಡುತ್ತದೆ.

ನನ್ನ ತಮ್ಮ ಮಾಡಿದ್ದು ಅದನ್ನೇ. ನಿದ್ದೆಗಣ್ಣಲ್ಲಿ, ಎರಡೇ ನಿಮಿಷದಲ್ಲಿ, ಮೊದಲೇ ಅಂದಾಜಿಸಿ ಇಟ್ಟಿದ್ದ ಕಾಲಮ್ಮಿನಿಂದ. ಐದು ವರ್ಷ ಇವನು ಏನು ಕಲಿತ ಅಂತ ನನಗೆ ಕಂಡದ್ದು ಆಗ. ಅಲ್ಲಿಯವರೆಗೆ ನಾನು ಅವನನ್ನು ಕೇಳುತ್ತಿದ್ದದ್ದು ಎರಡೇ ಪ್ರಶ್ನೆ: “ಯಾವಾಗ ಮುಗೀತೈತಿ? ಆಮ್ಯಾಲ ಪ್ಯಾಕೇಜ್ ಎಷ್ಟು?”

ಮೊದಲ ಸಲ ಬೇರೆಯದು ಕೇಳಿದೆ. “ನಿನ್ನ ಆ ಗೆರಿ ಬರಲಿಲ್ಲ ಅಂದ್ಯಲ್ಲ. ಡಿಟೆಕ್ಟರ್ ಎಚ್ಚರ ಇತ್ತು ಅಂತ ನಿನಗ ಹ್ಯಾಂಗ ಗೊತ್ತು?”

ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಶುರುಮಾಡಿದವನು ಒಂದು ತಾಸು ನಿಲ್ಲಿಸಲಿಲ್ಲ. ಬೀಮ್ ಹಚ್ಚುವ ಮುಂಚೆ, ಆರಿಸಿದ ಮೇಲೆ, ಯುರೋಪಿಯಂ ಅನ್ನುವ ಪರಿಚಿತ ಮೂಲ ಇಟ್ಟು ಪ್ರತಿ ಡಿಟೆಕ್ಟರನ್ನೂ ಪರೀಕ್ಷಿಸಿದ್ದು. ನಮ್ಮ ಮಾಸ್ಟರ್ ಪೀಸ್ ಇದ್ದ ಹಾಗೆ. ಅದೇ ನ್ಯೂಕ್ಲಿಯಸ್ಸಿನ, ಮೊದಲೇ ಗೊತ್ತಿರುವ ಗೆರೆಗಳು ಅವನ ಡೇಟಾದಲ್ಲಿ ತಮ್ಮ ತಮ್ಮ ಜಾಗದಲ್ಲಿ, ತಮ್ಮ ತಮ್ಮ ಎತ್ತರದಲ್ಲಿ ನಿಂತದ್ದು. ತನ್ನ ಗೆರೆಯನ್ನೇ ಕಂಪ್ಯೂಟರಿನಲ್ಲಿ ಕೃತಕವಾಗಿ ಸೇರಿಸಿ, ಎಷ್ಟು ಕ್ಷೀಣವಾದರೂ ತನ್ನ ಕಣ್ಣಿಗೆ ಬೀಳುತ್ತದೆ ಅಂತ ನೋಡಿದ್ದು. ಎಲ್ಲ ಮುಗಿದ ಮೇಲೆ ಅವನು ಹೇಳಬಲ್ಲದ್ದು ಒಂದು ವಾಕ್ಯ: ಆ ಗೆರೆ ಇದ್ದರೂ ಇಷ್ಟಕ್ಕಿಂತ ಕ್ಷೀಣ.

ಅವ್ವ ರೊಟ್ಟಿ ತಟ್ಟುತ್ತಲೇ ಕೇಳುತ್ತಿದ್ದರು. “ಅಂದ್ರ ಅದು ಇಲ್ಲ ಅಂತ ನೀ ಖಾತ್ರಿ ಮಾಡಿದಿ.”

“ಇಲ್ಲ ಅಂತಲ್ಲ ಅವ್ವ. ಇದ್ರೂ ಇಷ್ಟಕ್ಕಿಂತ ಕಡಿಮಿ ಅಂತ.”

“ಮೊದಲ ಯಾರಿಗರೆ ಗೊತ್ತಿತ್ತೇನು ಇದು?”

“ಇಲ್ಲ.”

“ಹಂಗಾರ ಅದನ್ನ ಬರದು ಕೊಡು ಮತ್ತ. ಯಾಕ ಅಳ್ತಿ?”

ಅವನು ಅಳುತ್ತಿರಲಿಲ್ಲ. ಆದರೆ ತಟ್ಟೆ ಕಡೆ ತಲೆ ಬಗ್ಗಿಸಿ ಬಹಳ ಹೊತ್ತು ರೊಟ್ಟಿ ಮುರಿಯುತ್ತ ಕೂತ.

ಎಲ್ಲವೂ ಸರಿಹೋಗಲಿಲ್ಲ

ಅವ್ವನ ಒಂದು ಮಾತಿಗೆ ಬದುಕು ಸರಿಹೋಯಿತು ಅಂತ ಬರೆದರೆ ನೀವೂ ನಂಬುವುದಿಲ್ಲ. ಫೆಲೋಶಿಪ್ ಮುಗಿಯುವುದು ನಿಂತಿಲ್ಲ. ಥೀಸಿಸ್ ಆದ ಮೇಲೆ ಅವನು ಇದೇ ದಾರಿಯಲ್ಲಿ ಇರುತ್ತಾನೋ, ಬೇರೆ ಕೆಲಸ ನೋಡುತ್ತಾನೋ ಇನ್ನೂ ತಿಳಿಯದು. ನಮ್ಮ ದೇಶದಲ್ಲಿ ಈ ದಾರಿ ಅಗಲವೂ ಅಲ್ಲ. ಕೋಲಾರದ ನಂತರ ಮತ್ತೆ ಭೂಮಿಯಡಿ ನ್ಯೂಟ್ರಿನೊ ನೋಡಲು ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ ಒಂದು ವೀಕ್ಷಣಾಲಯಕ್ಕೆ ಕೇಂದ್ರ ಸರ್ಕಾರ 2015ರಲ್ಲಿ ಒಪ್ಪಿಗೆ ಕೊಟ್ಟಿತು. ಕಾಡು, ನೀರಿನ ಬಗ್ಗೆ ಅಲ್ಲಿನ ಜನರ ಆತಂಕ, ಅನುಮತಿಗಳ ತಕರಾರು ನಡುವೆ ಅದು ಮೇಲೇಳಲಿಲ್ಲ. ಪಶ್ಚಿಮ ಘಟ್ಟದ ಮಡಿಲಲ್ಲೇ ಬೆಳೆದ ನನಗೆ ಆ ಜನರ ಆತಂಕವೂ ಅರ್ಥವಾಗುತ್ತದೆ, ತಮ್ಮನ ಓರಗೆಯವರ ನಿರಾಸೆಯೂ ಅರ್ಥವಾಗುತ್ತದೆ.

ಸೋಮವಾರ ಬೆಳಿಗ್ಗೆ ಅವನು ಒಂದೇ ಬ್ಯಾಗ್ ಹಿಡಿದು ರೈಲು ಹತ್ತಿದ. ಥೀಸಿಸ್ ಬರೆದು ಮುಗಿಸುತ್ತೇನೆ ಅಂದ. ಎರಡನೇ ಬ್ಯಾಗ್ ಇಲ್ಲೇ ಬಿಟ್ಟ. ಅದರ ಅರ್ಥ ಏನು ಅಂತ ನಾನು ಕೇಳಲಿಲ್ಲ. ಗೆಳತಿಗೆ ಮೆಸೇಜ್ ಹಾಕಿದೆ: “ತಮ್ಮನನ್ನು ಕೇಳದೇ ನಿನ್ನನ್ನು ಕೇಳಿದ್ದೆ, ತಪ್ಪಾಯ್ತು. ಬೇಕೆಂದರೆ ಅವನೇ ಕೇಳುತ್ತಾನೆ.”

ಅದೇ ದಿನ ಆಫೀಸಿನಲ್ಲಿ ಒಂದು ಬ್ಯಾಚಿನ ರಿಪೋರ್ಟ್ ಸಹಿಗೆ ಬಂತು. ರಿಜೆಕ್ಟ್: 0. ಎಂದಿನಂತೆ ಪೆನ್ ತೆಗೆದವಳು ಎದ್ದು ಹೋಗಿ ಗೇಜ್ ತರಿಸಿ, ಮಾಸ್ಟರ್ ಪೀಸ್ ಹಾಕಿ ನೋಡಿದೆ. ಜತೆಗಿದ್ದವನು ವಿಚಿತ್ರವಾಗಿ ನೋಡಿದ. ಗೇಜ್ ಸರಿಯಾಗಿತ್ತು. ಸಹಿ ಹಾಕಿದೆ.

ನಿಮ್ಮ ಮನೆಯಲ್ಲೂ ಒಬ್ಬರು ಹೀಗಿರಬಹುದು. ಪಿಎಚ್‌ಡಿಯೇ ಆಗಬೇಕಿಲ್ಲ. ಮೂರನೇ ಸಲ ಪರೀಕ್ಷೆ ಬರೆಯುತ್ತಿರುವ ಅಣ್ಣ, ವರ್ಷದಿಂದ ಒಂದೇ ಬಗ್ ಹುಡುಕುತ್ತಿರುವ ರೂಮ್‌ಮೇಟ್, ಆರ್ಡರ್ ಬಾರದ ಅಂಗಡಿ ಇಟ್ಟುಕೊಂಡ ಅತ್ತಿಗೆ. ಈ ವಾರ ಅವರಿಗೆ ಫೋನ್ ಮಾಡಿದರೆ “ಏನು ಸಿಕ್ತು?” ಅಂತ ಕೇಳಬೇಡಿ. “ಹೇಗೆ ನೋಡ್ತಾ ಇದ್ದೀಯ?” ಅಂತ ಕೇಳಿ, ಆಮೇಲೆ ಸುಮ್ಮನೆ ಕೇಳಿಸಿಕೊಳ್ಳಿ. ಅವರ ಸೊನ್ನೆ ಪವರ್ ಬ್ಯಾಂಕ್ ಆಫ್ ಆದ ಸೊನ್ನೆಯಾಗಿದ್ದರೆ ಹೇಳುತ್ತ ಹೇಳುತ್ತ ಅವರಿಗೇ ಹೊಳೆಯಬಹುದು. ಕೋಲಾರದ ಸೊನ್ನೆಯಾಗಿದ್ದರೆ ನಿಮಗೂ ಗೊತ್ತಾಗುತ್ತದೆ.

ಸ್ವೀಟ್ ಬಾಕ್ಸ್ ಅಪ್ಪನ ಕುರ್ಚಿಯ ಪಕ್ಕದಲ್ಲೇ ಇದೆ, ಈಗ ಸರಿಯಾದ ಚಾರ್ಜರಿನಲ್ಲಿ. ನಿನ್ನೆ ಫೋನ್ ಮಾಡಿದಾಗ ಅಪ್ಪ ಹೇಳಿದರು: “ಇಲ್ಲೆ ಮಳಿ ಜೋರ ಐತಿ. 26 ತೋರಸಾಕತ್ತೈತಿ.”

ಮುಂದಿನ ವಾರ ಸಿಗೋಣ.